ಅವ್ವ ಕಟ್ಟಿದ ಸೌದೆ ಹೊರೆ

ಅರಣ್ಯಾಧಿಕಾರಿ ಸಾಹೇಬರಿಗೆ,

ಗುಂಡ್ಲುಪೇಟೆ ತಾಲ್ಲೂಕು, ಕಾಡಂಚಿನ ಕೂಲಿ ಮೂಗಯ್ಯನವರ ಮಗಳು ಕುಮಾರಿ ಮಾಡುವ ನಮಸ್ಕಾರ.

ಮೂರು ವರ್ಷದ ಹಿಂದೆ ನೀವು ನಮಗೆ ಗ್ಯಾಸ್ ಒಲೆ ಕೊಟ್ಟಿರಿ. ಇನ್ನು ಸೌದೆಗೆಂದು ಕಾಡಿಗೆ ಕಾಲಿಡುವುದಿಲ್ಲ ಎಂದು ನಮ್ಮವ್ವ ಸುಂದ್ರಮ್ಮ ಹೆಬ್ಬೆಟ್ಟು ಒತ್ತಿದಳು. ಫೋಟೊಗೆ ಬೇಕೆಂದು ನಿಮ್ಮವರು ಹೇಳಿದ್ದಕ್ಕೆ ಮಣ್ಣಿನ ಒಲೆಯನ್ನು ತಾನೇ ಹಾರೆಯಲ್ಲಿ ಒಡೆದಳು. ಕೊಟ್ಟ ಮಾತನ್ನು ಮೂರು ವರ್ಷವೂ ಉಳಿಸಿಕೊಂಡಳು.

ಈಗ ಎರಡು ತಿಂಗಳಿಂದ ಸಿಲಿಂಡರ್ ಬಂದಿಲ್ಲ. ಯುದ್ಧ ನಡೆಯುತ್ತಿರುವುದರಿಂದ ಗ್ಯಾಸ್ ತರುವ ಹಡಗುಗಳು ಕಡಲಲ್ಲೇ ನಿಂತಿವೆಯಂತೆ. ನಾನು ಅದನ್ನು ಬಿಡಿಸಿ ಹೇಳಿದರೆ ಅವ್ವ, "ಎಲ್ಲೋ ಕಡಲಾಚೆ ಅವರವರು ಹೊಡೆದಾಡ್ಕಂಡ್ರೆ ನಮ್ಮನೆ ಮುದ್ದೆ ಯಾಕಮ್ಮಿ ಬೇಯಬಾರ್ದು?" ಎಂದು ಕೇಳಿ, ಮಚ್ಚು ತಗೊಂಡು ಹೊರಟಳು.

ಆನೆ ಅವಳನ್ನು ತುಳಿದ ಜಾಗ ಕಾಡಿನ ಒಳಗೋ ಹೊರಗೋ ಎಂದು ನಿಮ್ಮವರು ಟೇಪು ಹಿಡಿದು ಅಳೆದರು. ಒಳಗೇ ಎಂದು ಬರೆದುಕೊಂಡರು. ಒಳಗಾದರೆ ಪರಿಹಾರ ಇಲ್ಲವಂತೆ, ಆ ಮಾತು ನಾವು ಎತ್ತುವುದಿಲ್ಲ.

ಅವ್ವ ಆಯ್ದು ಕಟ್ಟಿದ್ದ ಸೌದೆ ಹೊರೆ ನಿಮ್ಮ ಕಚೇರಿ ಜಗಲಿಯಲ್ಲಿದೆ. ಜಪ್ತಿ ಮಾಲು ಎಂದು ಚೀಟಿ ಅಂಟಿಸಿದ್ದಾರೆ. ದಯವಿಟ್ಟು ಅದನ್ನು ಕೊಡಿಸಿ. ಶುಕ್ರವಾರ ಅವಳ ತಿಥಿ, ಎಡೆಗೆ ಅನ್ನ ಬೇಯಿಸಬೇಕು. ಒಲೆಗೆಂದು ಮೂರು ಕಲ್ಲು ಹೂಡಿಟ್ಟಿದ್ದೇನೆ.

ಕೊಡಲು ಆಗುವುದಿಲ್ಲವಾದರೆ ಬುಧವಾರವೇ ಹೇಳಿಕಳಿಸಿ. ಗುರುವಾರ ಬೆಳಗ್ಗೆ ಬೇಗ ಹೊರಟರೆ, ಆನೆ ನೀರಿಗೆ ಇಳಿಯುವ ಮೊದಲು ನಾನು ವಾಪಸ್ ಬರಬಹುದು.

ಇಂತಿ,
ಕುಮಾರಿ