ಎಡಗೈಯ ತಡವಾದ ಪೆಟ್ಟು

ಮಾರ್ಚ್ ೧೪, ಶುಕ್ರವಾರ

ಇವತ್ತು ನಮ್ಮ ಯಜಮಾನರ ಡ್ರಮ್ಮನ್ನು ಚಾಕುವಿನಿಂದ ಸೀಳಿಬಿಟ್ಟೆ.

ಆ ಡ್ರಮ್ಮು ಬೇಕು ಅಂತ ಅವರ ಬ್ಯಾಂಡಿನ ಮ್ಯಾನೇಜರ್ ಬೆಳಿಗ್ಗೆ ಬಂದಿದ್ದ. ಬ್ಯಾಂಡು ಕಟ್ಟಿದ ನಾಲ್ವರೂ, ನಮ್ಮ ಯಜಮಾನರೂ ಸೇರಿ, ಮಣ್ಣು ಸೇರಿದ್ದಾರೆ, ಹೆಸರು ಮಾತ್ರ ಇನ್ನೂ ಊರೂರು ತಿರುಗುತ್ತಿದೆ. ಜೊತೆಗೆ ಬಂದಿದ್ದ ಹೊಸ ಡ್ರಮ್ಮರ್, ಐವತ್ತು ದಾಟಿದ ಬೋಳುತಲೆಯವನು, ಕೂತು ಬಾರಿಸಿ ತೋರಿಸಿದ. ಎಡಗೈ ಪೆಟ್ಟು ಚೂರು ತಡವಾಗಿ ಬಿತ್ತು, ಥೇಟ್ ನಮ್ಮ ಯಜಮಾನರ ಹಾಗೆ. ನನಗೆ ಮೈಯೆಲ್ಲ ಉರಿಯಿತು.

"ಕೈ ಸರಿಯಿಲ್ವೇನಯ್ಯ?"

"ಇದು ಯಜಮಾನ್ರ ಸ್ಟೈಲು ಅಜ್ಜಿ. ಆರು ತಿಂಗ್ಳು ಕೂತು ಕಲ್ತಿದೀನಿ. ಜನ ಬರೋದೇ ಇದಕ್ಕೆ."

ಸ್ಟೈಲಂತೆ. ಮಗು ಜ್ವರದಲ್ಲಿ ಸುಡುತ್ತಿದ್ದಾಗ ಅವರು ಟೂರಿಗೆ ಹೊರಟಿದ್ದರು. ಅವರ ಕೈ ಅಡ್ಡ ಇರುವುದು ಕಾಣುತ್ತಿದ್ದರೂ ನಾನು ವ್ಯಾನಿನ ಬಾಗಿಲನ್ನು ಬಡಿದು ಹಾಕಿದೆ. ಎಡಗೈಯ ಎರಡು ಬೆರಳು ಜಜ್ಜಿಹೋದವು. "ಬಾಗಿಲು ನಾನೇ ಹಾಕಿಕೊಂಡೆ" ಅಂತ ಅವರು ಸಾಯುವವರೆಗೂ ಎಲ್ಲರಿಗೂ ಹೇಳಿದರು.

ಅಡುಗೆಮನೆಯಿಂದ ಚಾಕು ತಂದೆ. ತಡೆಯಲು ಬಂದ ಮ್ಯಾನೇಜರನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದೆ. "ಮುದುಕಿಗೆ ತಲೆ ಕೆಟ್ಟಿದೆ" ಎನ್ನುತ್ತ ಇಬ್ಬರೂ ಓಡಿದರು.

ಆಮೇಲೆ ನೋಡಿದರೆ, ಅವರ ಎಡಗೈ ಬೀಳುತ್ತಿದ್ದ ಜಾಗದಲ್ಲಿ ತೊಗಲು ಸವೆದು ಬೆಳ್ಳಗಾಗಿತ್ತು. ಚಾಕು ಇಳಿದಿರುವುದೂ ಅಲ್ಲೇ. ಹೊಲಿಯೋಣವೆಂದು ಕೂತಿದ್ದೇನೆ. ದಪ್ಪ ಸೂಜಿಯೇ, ಆದರೂ ಎಡಗೈ ಮಾತು ಕೇಳುತ್ತಿಲ್ಲ, ಪ್ರತಿ ಹೊಲಿಗೆಯೂ ಚೂರು ತಡವಾಗಿ ಬೀಳುತ್ತಿದೆ.