ಬಸೂ ದೇ

ಧನಕವಡಿ, ಪುಣೆ
12-8-2025

ಪ್ರೀತಿಯ ಅಕ್ಕಾ,

ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀಯೋ, ಬರೀ ಭಾವನವರಿಗೆ ಬೆಣ್ಣೆ ಹಚ್ಚುತ್ತಿದ್ದೀಯೋ? ಫೋನಿದ್ದೂ ಕಾಗದ ಯಾಕೆಂದರೆ, ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

'ಓದಾಕ ಕಳಿಸಿದರ ಖೋಖೋ ಆಡಸ್ತೀಯೇನೋ?' ಎಂದು ನೀನು ಬೈದದ್ದು ಇನ್ನೂ ಕಿವಿಯಲ್ಲಿದೆ. ಪರೀಕ್ಷೆಯಲ್ಲಿ ನಪಾಸಾದ ಮೇಲೆ ನಿನ್ನ ಮಗಳು ರೇಣು ಊಟ, ಮಾತು, ಗೆಳತಿಯರು, ಎಲ್ಲಕ್ಕೂ ಮರಾಠಿಯಲ್ಲಿ 'ನಕೋ', ಅಂದರೆ ಬೇಡ, ಎನ್ನತೊಡಗಿದಳು. ಮನಸ್ಸು ಕುಗ್ಗಿದ ಮಕ್ಕಳಿಗೆಂದೇ ಕಾಲೇಜಿನವರು ಸಂಜೆ ಖೋಖೋ ಆಟ ಇಟ್ಟಿದ್ದಾರೆ. ಆಟ ಮುಗಿದ ಮೇಲೆ ಮಣ್ಣಿನಲ್ಲೇ ಕೂತು ಒಬ್ಬ ಡಾಕ್ಟರಮ್ಮನ ಜೊತೆ ಮಾತು. 'ನಕೋ'ದ ನಕಾರ ಕಿತ್ತು, ಉಳಿದದ್ದಕ್ಕೆ ಸ್ವಲ್ಪ ಉಸಿರು ತುಂಬಿದರೆ 'ಖೋ' ಆಗುತ್ತದೆಂಬ ವ್ಯಾಕರಣ ನಂಬಿ ನಾನೇ ಸೇರಿಸಿದೆ. ಕೆಲವು ವಾರ ಚೆನ್ನಾಗಿ ಓಡಿದಳು. ಒಂದು ದಿನ ತಾನಾಗಿಯೇ ಇನ್ನೊಂದು ರೊಟ್ಟಿ ಕೇಳಿದಳು. ನನ್ನ ಹೆಂಡತಿ ಶೈಲಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಆಮೇಲೆ ನಿನ್ನ ಫೋನು ಬಂತು: 'ಶ್ರಾವಣ ಮುಗೀಲಿ, ಬಂದು ಕರಕೊಂಡು ಹೋಗ್ತೀನಿ. ಗಂಡು ನೋಡೇವಿ.' ಮರುಸಂಜೆ ನಾನೂ ಮೈದಾನಕ್ಕೆ ಹೋಗಿದ್ದೆ. ಸಾಲಿನಲ್ಲಿ ಕೂತಿದ್ದ ರೇಣುವಿನ ಬೆನ್ನು ತಟ್ಟಿ ಗೆಳತಿ 'ಖೋ' ಅಂದಳು. ಎದ್ದು ಓಡಬೇಕು, ಏಳಲಿಲ್ಲ. ಎಲ್ಲರೂ ಕೂಗಾಡಿದಾಗ ಕೋಚ್ ಸಾವಿತ್ರಿಬಾಯಿ ಗದರಿದರು: 'ಬಸೂ ದೇ! ತಿಲಾ ಬಸೂ ದೇ!' ಅವಳು ಕೂತಿರಲಿ ಬಿಡಿ ಎಂದರ್ಥ. ವರ್ಷಗಟ್ಟಲೆ ಈ ಊರಿನ ಮರಾಠಿ ಕುಡಿದ ನಿನ್ನ ತಮ್ಮ ಗಾಬರಿಯಲ್ಲಿ ತನ್ನನ್ನೇ ಕರೆದರೆಂದು ಅಂಕಣದೊಳಕ್ಕೆ ಓಡಿದ. ಮನೆಮಂದಿಗೆಲ್ಲ ನಾನು ಬಸು ತಾನೆ! ಹುಡುಗಿಯರು ಬಿದ್ದು ಬಿದ್ದು ನಕ್ಕರು. ರೇಣು ನಗಲಿಲ್ಲ. ಹೇಗೋ ಹೊಟ್ಟೆ ಮಡಚಿ ಅವಳ ಪಕ್ಕ ಕೂತೆ. 'ಮಾಮಾ, ಏಳಬೇಕಂತ ಗೊತ್ತದ. ಕಾಲು ಏಳವಲ್ಲವು' ಅಂದಳು. ಕೈ ಹಿಡಿದರೆ ತಣ್ಣಗಿತ್ತು. ಸಾವಿತ್ರಿಬಾಯಿ ಆಟ ನಿಲ್ಲಿಸಲಿಲ್ಲ. ಹುಡುಗಿಯರು ನಮ್ಮಿಬ್ಬರನ್ನೂ ಕಂಬದಂತೆ ಸುತ್ತಿಕೊಂಡು ಓಡಿದರು.

ಭಾವನವರಿಗೆ ನಮಸ್ಕಾರ. ನಿನಗೆ ಸಾಷ್ಟಾಂಗ, ಹೊಟ್ಟೆ ಮೊದಲೇ ನೆಲ ಮುಟ್ಟುವುದರಿಂದ ಎಂಟೂ ಅಂಗ ಗಾಳಿಯಲ್ಲಿವೆ.

ನಿನ್ನ ತಮ್ಮ,
ಬಸವಪ್ರಭು

ತಾ.ಕ.: ಕಾಕಾನ ಮಗ ಮಾಂತು ಗಾಡಿಯಲ್ಲಿ ಊರಿಗೆ ಹೊರಟು ನಿಂತಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ತಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎಂದು ರೇಣು ನಿನ್ನೆ ಡಾಕ್ಟರಮ್ಮನಿಗೆ ಹೇಳಿದ್ದಾಳೆ. ಅವಳನ್ನು ಕೇಳಿಯೇ ಅವರು ನನಗೆ ತಿಳಿಸಿದರು. ಚಿಕಿತ್ಸೆ ಶುರುವಾಗಿದೆ, ಶೈಲಾ ಒಂದು ಗಳಿಗೆಯೂ ಒಬ್ಬಳನ್ನೇ ಬಿಡುತ್ತಿಲ್ಲ. ಮೈದಾನ ಮಾತ್ರ ಬಿಡಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಗಂಡಿನವರಿಗೆ ಏನಾದರೂ ಹೇಳು, ನನ್ನ ಮೇಲೆ ಹಾಕು. ಮಾಂತು ನಾಳೆಯೇ ಗಾಡಿ ತಿರುಗಿಸುತ್ತಾನೆ, ನೀನೂ ಹತ್ತು. ಸೀರೆ ಹೆಚ್ಚಿಗೇ ಇಟ್ಟುಕೊಂಡು ಬಾ.