ಮಗ್ಗ ನಿಂತಾಗ ತನು ತಲೆ ಎತ್ತಲಿಲ್ಲ

ಅವ್ವಾ,

ಇವತ್ತು ಬೆಳಿಗ್ಗೆ ಕರೆಂಟು ಹೋಯಿತು. ನಮ್ಮ ಮನೆಯ ಎರಡು ಮಗ್ಗ, ಓಣಿಯ ಉಳಿದ ಮಗ್ಗಗಳು, ಎಲ್ಲ ಒಂದೇ ಸಲ ನಿಂತವು. ಮದುವೆಯಾಗಿ ಇಳಕಲ್ಲಿಗೆ ಬಂದು ಮೂರು ವರ್ಷವಾದರೂ ಆ ನಿಶ್ಶಬ್ದ ನನಗಿನ್ನೂ ರೂಢಿಯಾಗಿಲ್ಲ. ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಎಲ್ಲರೂ ತಲೆ ಎತ್ತುತ್ತಾರೆ. ನೂಲಿನ ಕಂಡಿಕೆ ಸುತ್ತುತ್ತಿದ್ದ ಅತ್ತೆ ಎತ್ತಿದರು, ಮಗ್ಗದ ಮುಂದಿದ್ದ ಇವರು ಎತ್ತಿದರು, ಹೊಸ್ತಿಲಲ್ಲಿ ಮಲಗಿದ್ದ ಬೆಕ್ಕೂ ಎತ್ತಿತು. ನನ್ನ ಸೊಂಟದ ಮೇಲಿದ್ದ ತನು, ಒಂದೂವರೆ ವರ್ಷದ ನಿನ್ನ ಮೊಮ್ಮಗಳು, ರೊಟ್ಟಿ ಚೂರು ಚೀಪುತ್ತಲೇ ಇದ್ದಳು.

ಕೆರೂರಿನಲ್ಲಿ ನೀನು ಅಂಗನವಾಡಿ ಮುಗಿಸಿ ಮನೆಮನೆಗೆ ಹೊರಟಾಗ ರಜಿಸ್ಟರು ಹೊತ್ತು ನಾನು ಹಿಂದೆ ಬರುತ್ತಿದ್ದೆ, ನೆನಪಿದೆಯಾ? ಮಾತಾಡಲು ನಾಚಿಕೆ, ನೋಡಲು ಮಾತ್ರ ಆಸೆ. ನೀನು ತಾಯಂದಿರ ಜೊತೆ ಊರ ಸುದ್ದಿ ಮಾತಾಡುತ್ತಲೇ ಕೂಸಿನ ಬೆನ್ನ ಹಿಂದೆ ಹೋಗಿ, ಅದಕ್ಕೆ ಕಾಣದ ಹಾಗೆ ಆ ಕೆಂಪು ಗಿಲಕಿ ಆಡಿಸುತ್ತಿದ್ದಿ. ಕೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಅದರ ಅವ್ವನನ್ನೇ ಯಾಕೆ ಕೇಳಬಾರದು ಎಂದು ದಾರಿಯಲ್ಲಿ ಕೇಳಿದ್ದಕ್ಕೆ ನಕ್ಕಿದ್ದಿ. "ತಾಯಂದ್ರು ಪ್ರೀತಿಗೆ ಸುಳ್ಳ ಹೇಳ್ತಾರ ತಂಗೀ. ಕೂಸಿನ್ನ ಕೇಳಬೇಕು." ಮೂರು ತಿಂಗಳಿಗೆ ಗೂಂಗುಡಬೇಕು, ಆರಕ್ಕೆ ಸದ್ದಿನ ಕಡೆ ತಿರುಗಬೇಕು, ಒಂಬತ್ತಕ್ಕೆ ಬಾಬಾ ದಾದಾ, ವರ್ಷಕ್ಕೆ ಒಂದಾದರೂ ಮಾತು. ಯಾವ ಪದ್ಯಕ್ಕಿಂತಲೂ ಮೊದಲು ನನಗೆ ಬಾಯಿಪಾಠವಾದದ್ದು ಇದು.

ತನುವೂ ಗೂಂಗುಟ್ಟಿದಳಲ್ಲ! ಬಾಣಂತನದಲ್ಲಿ ನಿನ್ನ ತೊಡೆಯ ಮೇಲೆಯೇ. ಆಮೇಲೆ ಏಳನೇ ತಿಂಗಳ ಹೊತ್ತಿಗೆ ಆ ಸದ್ದೂ ಕಡಿಮೆಯಾಗುತ್ತ ಬಂತು. ಮಗ್ಗದ ಪಕ್ಕದಲ್ಲೇ ಮಧ್ಯಾಹ್ನವೆಲ್ಲ ಮಲಗುವಳು. ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು: "ನೇಕಾರ್ರ ಮನಿ ಕೂಸಂದ್ರ ಇದು ನೋಡ್ರಿ! ಎರಡ ಮಗ್ಗ ಬಡ್ಯಾಕತ್ರೂ ಕಣ್ಣ ತೆರ್ಯಾಂಗಿಲ್ಲ." ಸಂಜೆ ದೃಷ್ಟಿ ತೆಗೆಯುವರು. ನಾನೂ ಪಕ್ಕದಲ್ಲಿ ನಿಂತು ನಗುತ್ತಿದ್ದೆ. ನಗುತ್ತಿದ್ದೆನೇ, ಅಥವಾ...

ತನುವಿಗೆ ವರ್ಷ ತುಂಬುವ ಮೊದಲು ನಿನ್ನ ಕೊನೆಯ ಫೋನು ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನೀನು ಹಾಸಿಗೆ ಹಿಡಿದಿದ್ದಿ. ದನಿ ದಾರದಷ್ಟಾಗಿತ್ತು. "ಕರದ್ರ ತಿರಗತಾಳೇನ ತಂಗೀ?" ಇಳಕಲ್ಲಿಗೆ ಬಂದು ಅವಳ ಬೆನ್ನ ಹಿಂದೆ ನಿಲ್ಲುವ ಶಕ್ತಿ ನಿನಗಿರಲಿಲ್ಲ, ತಾಯಿಯನ್ನೇ ಕೇಳಬೇಕಾಯಿತು. "ಹೂಂ ಅವ್ವಾ, ತಿರಗತಾಳ" ಎಂದೆ. ನಿನಗೆ ಗೊತ್ತಾಯಿತೇ? "ತೊಟ್ಟಿಲ ಬಟ್ಟಿ ಗಂಟಿನ್ಯಾಗ ಗಿಲಕಿ ಇಟ್ಟೇನಿ, ನೋಡ್ಕೋ" ಎಂದಿ, ಅಷ್ಟೇ. ಎಂಟು ದಿನಕ್ಕೆ ನೀನು... ಬಾಣಂತನ ಮುಗಿಸಿ ಬರುವಾಗ ನೀನು ಕಟ್ಟಿಕೊಟ್ಟ ಆ ಗಂಟು ಹಾಗೇ ಉಳಿಯಿತು.

ಹೋದ ವಾರ ರೊಟ್ಟಿ ಬಡಿಯುವಾಗ ಬಾಯಿ ಬಿಟ್ಟೆ. "ತನೂನ ಕಿವಿ ಒಮ್ಮೆ ತೋರಿಸ್ಕೊಂಡ ಬರೂಣೇನ್ರಿ ಅತ್ತಿ?" ಅತ್ತೆ ಕೈ ನಿಲ್ಲಿಸಲಿಲ್ಲ. "ನಿನ್ನ ಮಗಳಲ್ಲೇನ? ನೀ ಹೋದ ಸಂಕ್ರಾಂತಿಗೆ ಒಂದ ಮಾತಾಡಿದಿ, ಈ ಸಂಕ್ರಾಂತಿಗೆ ಒಂದ. ಅದು ಯಾರ ನೋಡಿ ಕಲೀಬೇಕು?" ನಗುತ್ತಲೇ ಅಂದರು. ಆಮೇಲೆ ದನಿ ತಗ್ಗಿಸಿದರು: "ಹೆಣ್ಣ ಕೂಸವ್ವಾ. ಕಿವುಡಿ ಅಂತ ಒಮ್ಮೆ ಹೆಸರ ಬಿತ್ತಂದ್ರ ಓಣಿ ಮರಿಯಾಂಗಿಲ್ಲ. ಇದರಪ್ಪನೂ ಮೂರ ವರ್ಷಕ್ಕ ಮಾತಾಡಿದಾವ." ರೊಟ್ಟಿ ಹರಿಯಿತು. ಅವರ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಎಂದೂ ನೋಡಿಲ್ಲ. ಇವರನ್ನು ಕೇಳಿದರೆ "ಅವ್ವನ್ನ ಕೇಳು" ಎನ್ನುತ್ತಾರೆ, ಅತ್ತೆಯನ್ನು ಕೇಳಿದರೆ "ಅವನ್ನ ಕೇಳು". ನಮ್ಮ ಮಗ್ಗಗಳ ನಡುವೆ ಒಬ್ಬರು ಅಡ್ಡಾಗಿ ಹಾಯುವಷ್ಟೇ ಸಂದಿಯಿದೆ. ದಿನವೂ ಸೆರಗು ಬಿಗಿ ಹಿಡಿದು ಅಲ್ಲೇ ಹಾಯುತ್ತೇನೆ.

ಅತ್ತೆಯ ಮಾತೇ ನಿಜವಾಗಲಿ ಎಂದು ಬೇಡಿಕೊಂಡೆ, ಅವ್ವಾ. ತಪ್ಪು ನನ್ನ ಮೌನದ್ದಾದರೆ ತಿದ್ದಿಕೊಳ್ಳಬಹುದಲ್ಲ? ಎಂ.ಎ.ಗೆ ಓದಿದ ಕಥೆ, ಪದ್ಯ, ಎಲ್ಲವನ್ನೂ ಅವಳ ಮುಂದೆ ಕೂತು ಹೇಳಿದೆ. ಅವಳು ನನ್ನ ತುಟಿಗಳನ್ನೇ ನೋಡಿದಳು, ಮುಟ್ಟಿ ನೋಡಿದಳು, ನಕ್ಕಳು.

ಇವತ್ತು ಕರೆಂಟು ಬರುವ ಮೊದಲೇ ಒಳಕೋಣೆಗೆ ಹೋಗಿ ಗಂಟು ಬಿಚ್ಚಿದೆ. ಗಿಲಕಿಯ ಕೆಂಪು ಮಾಸಿದೆ, ಸದ್ದು ಮಾಸಿಲ್ಲ. ತನುವನ್ನು ಚಾಪೆಯ ಮೇಲೆ ಕೂರಿಸಿ, ಕೈಗೊಂದು ಡಬ್ಬಿಯ ಮುಚ್ಚಳ ಕೊಟ್ಟು, ನಿನ್ನ ಹಾಗೆ ಹಿಂದೆ ನಿಂತೆ. ಬಲಗಿವಿಯ ಕಡೆ ಆಡಿಸಿದೆ, ಎಡಗಿವಿಯ ಕಡೆ ಆಡಿಸಿದೆ. ಜೋರಾಗಿ, ಇನ್ನೂ ಜೋರಾಗಿ. ಅವಳು ಮುಚ್ಚಳ ತಿರುಗಿಸುತ್ತ ಕೂತಿದ್ದಳು. ಕಣ್ಣೆತ್ತಿದರೆ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಿರುಗಿ ಕಂಡಿಕೆಯ ಕಡೆ ಹೋದರು. ಕರೆಂಟು ಬಂತು, ಮಗ್ಗ ಶುರುವಾಯಿತು.

ಮಧ್ಯಾಹ್ನ ನಮ್ಮ ಓಣಿಯ ಅಂಗನವಾಡಿ ಟೀಚರಿಗೆ ಫೋನು ಮಾಡಿದೆ. ನಾನಾಗಿ ಯಾರಿಗಾದರೂ ಫೋನು ಮಾಡಿದ್ದು ಯಾವಾಗಲೋ! "ಬಾಗಲಕೋಟಿ ನವನಗರದ ದವಾಖಾನಿಗೆ ಕರ್ಕೊಂಡ ಹೋಗ್ರಿ, ಕಿವಿ ಪರೀಕ್ಷಾ ಮಾಡ್ತಾರ" ಎಂದರು. "ಲಗೂನ ಹೋಗ್ರಿ. ಮಾತ ಕಲಿಯೂ ವಯಸ್ಸು ಭಾಳ ದಿನ ಕಾಯಾಂಗಿಲ್ಲ."

ನಾಳೆ ಬೆಳಿಗ್ಗೆ ಏಳಕ್ಕೆ ಬಾಗಲಕೋಟೆ ಬಸ್ಸಿದೆ. ಚೀಲದಲ್ಲಿ ತನುವಿನ ಲಸಿಕೆ ಕಾರ್ಡು, ಎರಡು ಅಂಗಿ, ಗಿಲಕಿ ಇಟ್ಟಿದ್ದೇನೆ. ಇವರನ್ನಾಗಲಿ ಅತ್ತೆಯನ್ನಾಗಲಿ ಕೇಳುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಹೊರಟೆ ಎಂದು ಹೇಳುತ್ತೇನೆ. ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳೇ ಕೇಳುತ್ತಾರೆ. ಏಳನೇ ತಿಂಗಳಿಂದ ಎನ್ನುತ್ತೇನೆ. ನಿನಗೆ ಹೂಂ ಎಂದದ್ದಕ್ಕಿಂತ ಮೊದಲಿಂದಲೂ, ಅವ್ವಾ.